ಕಾಣೆಯಾದವರು, ಸಿಕ್ಕಿದವರು ಮತ್ತು ನಡುವಿನ ಕೊಂಡಿ

ಜಿಲ್ಲಾ ಪತ್ರಿಕೆಗಳ ಒಳಪುಟಗಳಲ್ಲಿ ಎರಡು ಬಗೆಯ ಪೊಲೀಸ್ ಪ್ರಕಟಣೆಗಳು ಬರುತ್ತವೆ. ಒಂದರ ತಲೆಬರಹ ‘ಕಾಣೆಯಾಗಿದ್ದಾರೆ’, ಇನ್ನೊಂದರದು ‘ಅಪರಿಚಿತ ಶವ ಪತ್ತೆ’. ಎರಡರ ಭಾಷೆಯೂ ಒಂದೇ. ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಐದೂವರೆ ಅಡಿ ಎತ್ತರ, ನೀಲಿ ಬಣ್ಣದ ಅಂಗಿ. ಕೊನೆಯಲ್ಲಿ ಠಾಣೆಯ ಫೋನ್ ನಂಬರು. ಈ ಚಹರೆ ಯಾವ ಊರಿನಲ್ಲಾದರೂ ಅರ್ಧ ಜನಕ್ಕೆ ಹೊಂದುತ್ತದೆ. ಕಾಣೆಯಾದ ಪ್ರಕಟಣೆ ಹೊರಡುವುದು ಒಂದು ಠಾಣೆಯಿಂದ, ಶವದ ಪ್ರಕಟಣೆ ಬೇರೊಂದರಿಂದ. ಎಷ್ಟೋ ಸಲ ಬೇರೆ ಜಿಲ್ಲೆಯಿಂದ, ಬೇರೆ ರಾಜ್ಯದಿಂದ, ಬೇರೆ ಭಾಷೆಯಲ್ಲಿ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವವರು ತೀರ ಕಡಿಮೆ.

ಈಚೆಗೆ ಆ ಕೆಲಸಕ್ಕೆ ಪೊಲೀಸರಲ್ಲದವರು ಇಳಿದಿದ್ದಾರೆ. ಯೂಟ್ಯೂಬ್ ಚಾನೆಲ್ ಇಟ್ಟುಕೊಂಡವರು, ವಾಟ್ಸ್ಆ್ಯಪ್ ಗುಂಪುಗಳಲ್ಲಿ ರಾತ್ರಿಯೆಲ್ಲ ಚರ್ಚಿಸುವವರು, ಹಳೆಯ ಸುದ್ದಿ ತುಣುಕುಗಳನ್ನು ಸಂಗ್ರಹಿಸಿ ದಿನಾಂಕ ಹೊಂದಿಸುವವರು. ಇಲ್ಲಿ ಕಾಣೆಯಾದ ಹುಡುಗಿಗೂ ಘಾಟಿಯಲ್ಲಿ ಸಿಕ್ಕಿದ ಶವಕ್ಕೂ ಸಂಬಂಧ ಇರಬಹುದೇ? ಒಂದೇ ಸೀಮೆಯಲ್ಲಿ ಇಷ್ಟು ಜನ ಇಲ್ಲವಾಗಿದ್ದರೆ ಎಲ್ಲದರ ಹಿಂದೆ ಒಬ್ಬನೇ ಇರಬಹುದೇ? ಈ ಹವ್ಯಾಸಿ ಪತ್ತೇದಾರರನ್ನು ಕೆಲವರು ಕೊಂಡಾಡುತ್ತಾರೆ, ಕೆಲವರು ಬಾಯಿ ಮುಚ್ಚಿಸಬೇಕು ಎನ್ನುತ್ತಾರೆ. ಎರಡು ಮಾತಿಗೂ ಕೊಡಗಿನಲ್ಲಿ ಸಾಕ್ಷ್ಯವಿದೆ. 2009ರಿಂದ ಈಚೆಗೆ ಈ ಪುಟ್ಟ ಜಿಲ್ಲೆ ಸರಿಯಾಗಿ ಬೆಸೆದ ಕೊಂಡಿಯನ್ನೂ, ಒಬ್ಬ ಬಡವನ ಬದುಕನ್ನು ಮುರಿದ ತಪ್ಪು ಕೊಂಡಿಯನ್ನೂ, ಯಾರೂ ಬೆಸೆಯಲಾಗದೆ ಉಳಿದ ಕೊಂಡಿಯನ್ನೂ ಕಂಡಿದೆ.

ಮೊದಲು 2009ರ ಮಾತು. ಆ ವರ್ಷದ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಹಳ್ಳಿಯೊಂದರ ಯುವತಿ ಕಾಣೆಯಾದಳು. ಅನ್ಯಧರ್ಮದ ಯುವಕನೊಬ್ಬ ಆಕೆಯನ್ನು ಕರೆದೊಯ್ದಿದ್ದಾನೆ ಎಂಬ ಮಾತು ಊರಲ್ಲಿ ಹಬ್ಬಿತು. ಠಾಣೆಯ ಮುಂದೆ ಜನ ಸೇರಿದರು, ಪ್ರತಿಭಟನೆ ನಡೆಯಿತು. ಆ ಒತ್ತಡಕ್ಕೆ ಪೊಲೀಸರು ಆಕೆಯ ಮೊಬೈಲಿನ ಕರೆಗಳ ವಿವರ ತರಿಸಿ ಕುಳಿತರು. ಆಕೆ ಪದೇಪದೇ ಮಾತನಾಡಿದ್ದ ನಂಬರು ಮಡಿಕೇರಿಯ ಒಂದು ಮನೆಗೆ ಕರೆದೊಯ್ದಿತು. ಅಲ್ಲಿ ಅಪಹರಣಕಾರ ಯಾರೂ ಇರಲಿಲ್ಲ. ಆ ಮನೆಯ ಹೆಣ್ಣುಮಗಳೇ ಕಾಣೆಯಾಗಿದ್ದಳು. ಆಕೆಯ ಕರೆಗಳ ಜಾಡು ಹಿಡಿದರೆ ಮುಂದೆ ಕಾಸರಗೋಡಿನ ಒಬ್ಬಳು, ಪುತ್ತೂರಿನ ಒಬ್ಬಳು. ಅವರೂ ಮನೆಗೆ ಮರಳಿರಲಿಲ್ಲ. ಕಾಣೆಯಾದ ಒಬ್ಬಳ ಫೋನಿನಿಂದ ಕಾಣೆಯಾದ ಇನ್ನೊಬ್ಬಳಿಗೆ ಕರೆ ಹೋಗಿತ್ತು. ಕೊನೆಗೆ ಮಂಗಳೂರಿನ ಹೊರವಲಯದ ದೇರಳಕಟ್ಟೆಯಲ್ಲಿ ಅಂಥ ಒಂದು ಫೋನು ಹುಡುಗನೊಬ್ಬನ ಕೈಯಲ್ಲಿ ಸಿಕ್ಕಿತು. ಮಾವ ಕೊಟ್ಟದ್ದು ಎಂದ. ಆ ಮಾವನೇ ಕನ್ಯಾನದ ಮೋಹನ್ ಕುಮಾರ್, ಹಿಂದೆ ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ನಾಡಿಗೆ ಈಗ ಅವನು ಸಯನೈಡ್ ಮೋಹನ್. 2009ರ ಅಕ್ಟೋಬರ್‌ನಲ್ಲಿ ಬಂಧನವಾಯಿತು. ಇಪ್ಪತ್ತು ಮಹಿಳೆಯರ ಕೊಲೆ ಪ್ರಕರಣಗಳು ಒಂದೊಂದಾಗಿ ಮಂಗಳೂರಿನ ನ್ಯಾಯಾಲಯದಲ್ಲಿ ನಡೆದು, ಮೊದಲ ಮೂರಕ್ಕೆ 2013ರ ಡಿಸೆಂಬರ್‌ನಲ್ಲಿ, ಕೊನೆಯದಕ್ಕೆ 2020ರ ಜೂನ್‌ನಲ್ಲಿ ಶಿಕ್ಷೆಯಾಯಿತು.

ಈ ಪ್ರಕರಣದಲ್ಲಿ ನನ್ನನ್ನು ಕಾಡುವುದು ಅವನ ಕ್ರೌರ್ಯಕ್ಕಿಂತ ಆ ಶವಗಳು ಸಿಕ್ಕಿದ ಜಾಗ. ಅವು ಕಾಡಿನಲ್ಲಿ ಹೂತು ಹೋಗಿರಲಿಲ್ಲ, ಹೊಳೆಯಲ್ಲಿ ತೇಲಿ ಹೋಗಿರಲಿಲ್ಲ. ಬಹುಪಾಲು ಎಲ್ಲವೂ ಬಸ್ ನಿಲ್ದಾಣಗಳ ಮಹಿಳಾ ಶೌಚಾಲಯಗಳಲ್ಲೇ ಸಿಕ್ಕಿದ್ದವು. ಮೈಸೂರು, ಬೆಂಗಳೂರು, ಹಾಸನ, ನಮ್ಮ ಮಡಿಕೇರಿ. ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಮದುವೆಗೆ ಹೊರಟವಳಂತೆ ಉಟ್ಟ ಸೀರೆ, ಮೈಮೇಲೆ ಒಡವೆ ಇಲ್ಲ. ಪ್ರತಿಯೊಂದನ್ನೂ ಆಯಾ ಊರಿನ ಠಾಣೆ ಯುಡಿಆರ್ ಎಂದು ಬರೆದುಕೊಂಡಿತು. ಅಸಹಜ ಸಾವಿನ ವರದಿ ಅದು. ಆಗ ದಂಡ ಪ್ರಕ್ರಿಯಾ ಸಂಹಿತೆಯ 174ನೆಯ ಸೆಕ್ಷನ್, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194. ಆತ್ಮಹತ್ಯೆ ಇರಬೇಕು ಎಂದುಕೊಂಡು, ವಾರಸುದಾರರಿಗಾಗಿ ಕೆಲವು ದಿನ ಕಾದು, ಶವಸಂಸ್ಕಾರ ಮಾಡಿ ಕಡತ ಮುಚ್ಚಿದರು. ಒಂದೇ ಬಸ್ ನಿಲ್ದಾಣದಲ್ಲಿ ಮತ್ತೆ ಮತ್ತೆ ಒಂದೇ ರೀತಿಯ ಸಾವು ಆಗಿದ್ದರೂ ಹಿಂದಿನ ಕಡತವನ್ನು ತೆರೆದು ಹೊಸದರ ಪಕ್ಕ ಇಟ್ಟವರಿಲ್ಲ. ಅದೇ ಹೊತ್ತಿಗೆ ಘಟ್ಟದ ಕೆಳಗೆ ಮನೆಯವರು ಕಾಯುತ್ತಿದ್ದರು. ಹಲವರು ದೂರು ಕೊಡುವುದಕ್ಕೂ ಹೋಗಿರಲಿಲ್ಲ. ವರದಕ್ಷಿಣೆ ಹೊಂದಿಸಲಾಗದೆ ಮದುವೆ ತಡವಾದ, ಬೀಡಿ ಕಟ್ಟಿ, ಕೂಲಿ ಮಾಡಿ ಬದುಕುವ ಮನೆಗಳ ಹೆಣ್ಣುಮಕ್ಕಳು ಅವರು. ಎಲ್ಲೋ ಯಾರನ್ನೋ ಮದುವೆಯಾಗಿ ಸುಖವಾಗಿರಲಿ ಎಂದು ಸಮಾಧಾನ ಮಾಡಿಕೊಂಡವರೂ ಇದ್ದರು. ಊರ ಬಾಯಿಗೆ ಹೆದರಿ ಸುಮ್ಮನಿದ್ದವರೂ ಇದ್ದರು.

ಆಗ ಪತ್ರಿಕೆಯ ತುಣುಕುಗಳನ್ನು ಒಂದು ಪುಸ್ತಕಕ್ಕೆ ಅಂಟಿಸಿಕೊಂಡು ಹೋಗುವ ಒಬ್ಬ ಶ್ರದ್ಧಾವಂತ ಹವ್ಯಾಸಿ ಇದ್ದಿದ್ದರೆ? ಬಸ್ ನಿಲ್ದಾಣ, ಶೌಚಾಲಯ, ರೇಷ್ಮೆ ಸೀರೆ, ಒಡವೆ ಇಲ್ಲ. ಮೂರನೆಯ ತುಣುಕಿಗೆ ಅವನ ಕೈ ನಿಲ್ಲುತ್ತಿತ್ತು ಎಂದು ನಾನು ನಂಬುತ್ತೇನೆ. ಹವ್ಯಾಸಿಗಳ ಪರವಾಗಿ ಹೇಳಬಹುದಾದ ಅತಿ ಬಲವಾದ ಮಾತು ಇದು. ಆದರೆ ಅದೇ ಪ್ರಕರಣದ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಬೀದಿಗೆ ಇಳಿದ ಜನ ಆಗಲೇ ಒಂದು ಕೊಂಡಿ ಹಾಕಿಬಿಟ್ಟಿದ್ದರು. ಒತ್ತಡದಿಂದ ತನಿಖೆಗೆ ವೇಗ ಬಂತು, ನಿಜ. ಆದರೆ ಅವರು ಹೇಳಿದ ಕಥೆ ಪೂರ್ತಿ ಸುಳ್ಳಾಗಿತ್ತು. ಕರೆಗಳ ಪಟ್ಟಿ ಇಲ್ಲದೆ ಹೋಗಿದ್ದರೆ ಯಾರೋ ಒಬ್ಬ ನಿರಪರಾಧಿ ಯುವಕ ಆ ಕಥೆಗೆ ಬಲಿಯಾಗುತ್ತಿದ್ದ.

ಕಥೆಗೆ ಒಬ್ಬ ಮನುಷ್ಯ ಬಲಿಯಾಗುವುದು ಹೇಗೆ ಎಂಬುದನ್ನು ನೋಡಲು ಬಂಟ್ವಾಳಕ್ಕೆ ಹೋಗಬೇಕಿಲ್ಲ. ಕುಶಾಲನಗರ ಸಾಕು. 2020ರ ಕೊನೆಯಲ್ಲಿ ಅಲ್ಲಿಯ ಗಿರಿಜನ ಸಮುದಾಯದ ಕೂಲಿ ಕಾರ್ಮಿಕನೊಬ್ಬ, ಹೆಂಡತಿ ಕಾಣೆಯಾಗಿದ್ದಾಳೆ ಎಂದು ಠಾಣೆಗೆ ತಾನೇ ದೂರು ಕೊಟ್ಟ. ಕಾವೇರಿ ಹೊಳೆಯ ಆಚೆ ಮೈಸೂರು ಜಿಲ್ಲೆ; ಅಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಹೆಣ್ಣಿನ ಅಸ್ಥಿಪಂಜರ ಸಿಕ್ಕಿತ್ತು. ಕಾಣೆಯಾದ ಹೆಂಗಸು ಒಂದು ಕಡೆ, ಹೆಸರಿಲ್ಲದ ಮೂಳೆಗಳು ಇನ್ನೊಂದು ಕಡೆ. ಪೊಲೀಸರು ಎರಡನ್ನೂ ಸೇರಿಸಿದರು. ಹೆಂಡತಿಯನ್ನು ಕೊಂದವನು ಗಂಡನೇ ಎಂದು ಆರೋಪಪಟ್ಟಿ ಸಲ್ಲಿಸಿದರು. ಸುಮಾರು ಎರಡು ವರ್ಷ ಆತ ಜೈಲಿನಲ್ಲಿದ್ದ. ಡಿಎನ್‌ಎ ಪರೀಕ್ಷೆಯಲ್ಲಿ ಮೂಳೆಗಳು ಆಕೆಯ ಮನೆಯವರ ರಕ್ತಕ್ಕೆ ಹೊಂದಲಿಲ್ಲ ಎಂಬ ವರದಿ ಬಂದಮೇಲೂ ವಿಚಾರಣೆ ನಿಲ್ಲಲಿಲ್ಲ.

2025ರ ಏಪ್ರಿಲ್ 1ರಂದು ಮಡಿಕೇರಿಯ ಹೋಟೆಲೊಂದರಲ್ಲಿ ಆತನ ಗೆಳೆಯರು ಆಕೆಯನ್ನು ಕಂಡರು. ಬೇರೊಬ್ಬನ ಜೊತೆ ಕುಳಿತು ಊಟ ಮಾಡುತ್ತಿದ್ದಳು. ವಿಡಿಯೊ ಮಾಡಿಕೊಂಡರು, ವಿಷಯ ಪೊಲೀಸರಿಗೂ ವಕೀಲರಿಗೂ ತಲುಪಿತು, ಆಕೆಯನ್ನು ಮೈಸೂರಿನ ಸೆಷನ್ಸ್ ನ್ಯಾಯಾಲಯದ ಮುಂದೆ ಹಾಜರುಪಡಿಸಿದರು. ಸತ್ತಿದ್ದಾಳೆ ಎಂದು ಸರ್ಕಾರ ವಾದಿಸುತ್ತಿದ್ದ ಹೆಂಗಸು ನ್ಯಾಯಾಧೀಶರ ಎದುರು ನಿಂತಿದ್ದಳು. ಅದೇ ತಿಂಗಳು ನ್ಯಾಯಾಲಯ ಆತನನ್ನು ಗೌರವಪೂರ್ವಕ ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರಕ್ಕೂ ತನಿಖೆ ಮಾಡಿದವರ ಮೇಲೆ ಕ್ರಮಕ್ಕೂ ಆದೇಶಿಸಿತು. ಎರಡು ವರ್ಷದ ಜೈಲಿಗೆ ಒಂದು ಲಕ್ಷ. ಹೆಚ್ಚಿನ ಪರಿಹಾರಕ್ಕಾಗಿ ಆತ ಹೈಕೋರ್ಟಿನ ಮೊರೆ ಹೋದದ್ದು ನ್ಯಾಯವೇ.

ಇಡೀ ರಾಜ್ಯ ಈ ಸುದ್ದಿಯನ್ನು ಓದಿ ಬೆರಗಾಯಿತು. ಆದರೆ ಬೆರಗಿನಲ್ಲಿ ಒಂದು ಪ್ರಶ್ನೆ ಹಿಂದೆ ಬಿತ್ತು. ಆ ಮೂಳೆಗಳು ಯಾರವು? ಬೆಟ್ಟದಪುರದ ಹತ್ತಿರ ಒಬ್ಬ ಹೆಣ್ಣು ಸತ್ತದ್ದಂತೂ ನಿಜ. ಆಕೆಗೂ ಒಂದು ಮನೆ ಇತ್ತು, ಆಕೆಯ ಹೆಸರಿನಲ್ಲೂ ಯಾವುದೋ ಠಾಣೆಯಲ್ಲಿ ಒಂದು ಕಾಣೆ ದೂರು ಇರಬಹುದು. ತಪ್ಪು ಹೆಸರು ಅಂಟಿಸಿದ ದಿನದಿಂದ ಆಕೆಯ ಹೆಸರನ್ನು ಹುಡುಕುವುದು ನಿಂತುಹೋಯಿತು. ಸುಳ್ಳು ಕೊಂಡಿಯಿಂದ ಆಗುವ ನಷ್ಟ ಒಬ್ಬನಿಗಲ್ಲ, ಯಾವಾಗಲೂ ಇಬ್ಬರಿಗೆ: ಆರೋಪ ಹೊತ್ತವನಿಗೆ, ಮತ್ತು ಹೆಸರು ಕಳೆದುಕೊಂಡ ಶವಕ್ಕೆ. ಈ ತಪ್ಪನ್ನು ಮಾಡಿದ್ದು ಹವ್ಯಾಸಿಗಳಲ್ಲ, ಸಮವಸ್ತ್ರದವರು. ಸರಿಪಡಿಸಿದ್ದು ಸಮವಸ್ತ್ರ ಇಲ್ಲದವರು, ಅದೂ ಯಾವ ಸಿದ್ಧಾಂತವೂ ಇಲ್ಲದೆ, ತಾವು ಬಲ್ಲ ಒಂದು ಮುಖವನ್ನು ಗುರುತಿಸಿ.

ಪೊಲೀಸರ ಬಗ್ಗೆ ಇಷ್ಟು ಹೇಳಿದ ಮೇಲೆ ಸುಂಟಿಕೊಪ್ಪದ ಮಾತನ್ನೂ ಹೇಳಬೇಕು. 2024ರ ಅಕ್ಟೋಬರ್‌ನಲ್ಲಿ ಅಲ್ಲಿಯ ಕಾಫಿ ತೋಟದಲ್ಲಿ ಅರೆಸುಟ್ಟ ಗಂಡಸಿನ ಶವ ಸಿಕ್ಕಿತು. ಗುರುತು ಹಿಡಿಯಲು ಮುಖವೇ ಇರಲಿಲ್ಲ. ಜಿಲ್ಲೆಯಲ್ಲಿ ಕಾಣೆಯಾದ ಯಾರಿಗೂ ಅದು ಹೊಂದಲಿಲ್ಲ. ಆಗಿನ ಎಸ್‌ಪಿ ಕೆ. ರಾಮರಾಜನ್ ಅವರ ತಂಡ ಹೆದ್ದಾರಿಯುದ್ದಕ್ಕೂ ನೂರಾರು ಸಿಸಿಟಿವಿ ಕ್ಯಾಮೆರಾಗಳ ದೃಶ್ಯ ತಿರುವಿ ಹಾಕಿತು. ಆ ಹೊತ್ತಿನಲ್ಲಿ ಓಡಾಡಿದ ಒಂದು ಕೆಂಪು ಮರ್ಸಿಡಿಸ್ ಬೆಂಜ್ ಕಾರು ಕಣ್ಣಿಗೆ ಬಿತ್ತು. ಅದರ ನೋಂದಣಿ ಹಿಡಿದು ಹೊರಟರೆ ಹೈದರಾಬಾದಿನ ಉದ್ಯಮಿಯೊಬ್ಬರ ಹೆಸರು, ಅವರೇ ಸತ್ತವರು. ತೆಲಂಗಾಣದಲ್ಲಿ ಕೊಂದು, ನೂರಾರು ಕಿಲೋಮೀಟರ್ ದೂರದ ಕೊಡಗಿಗೆ ತಂದು ಸುಟ್ಟರು ಎಂಬುದು ಪೊಲೀಸರ ಆರೋಪ. ಪತ್ನಿಯೂ ಸೇರಿದಂತೆ ಮೂವರ ಬಂಧನವಾಯಿತು. ಊಹೆಯಿಂದ ಹೊರಟಿದ್ದರೆ ಈ ಕೊಂಡಿ ಯಾರಿಗೂ ಹೊಳೆಯುತ್ತಿರಲಿಲ್ಲ. ಸುಂಟಿಕೊಪ್ಪಕ್ಕೂ ಹೈದರಾಬಾದಿಗೂ ಏನು ಸಂಬಂಧ?

ಶವ ಸುಡಲು ಯಾರೋ ಕೊಡಗನ್ನೇ ಆರಿಸಿಕೊಂಡದ್ದಕ್ಕೆ ನೆಲದ ಸ್ವಭಾವವೂ ಕಾರಣ. 4,102 ಚದರ ಕಿಲೋಮೀಟರ್ ಜಿಲ್ಲೆ, 2011ರ ಜನಗಣತಿಯಂತೆ ಐದೂವರೆ ಲಕ್ಷ ಜನ. ರೈಲಿಲ್ಲ. ಮೈಲುಗಟ್ಟಲೆ ತೋಟ, ತೋಟದ ಆಚೆ ಕಾಡು. ಹೊರಹೋಗುವ ದಾರಿಗಳೆಲ್ಲ ಇನ್ನೊಬ್ಬರ ಸರಹದ್ದಿಗೆ ಇಳಿಯುತ್ತವೆ. ಸಂಪಾಜೆಯಿಂದ ಸುಳ್ಯ, ಕರಿಕೆಯಿಂದ ಕಾಸರಗೋಡಿನ ಪಾಣತ್ತೂರು, ಪೆರುಂಬಾಡಿ–ಮಾಕುಟ್ಟದಿಂದ ಕಣ್ಣೂರು ಜಿಲ್ಲೆಯ ಇರಿಟ್ಟಿ, ಕುಟ್ಟದಿಂದ ವಯನಾಡು, ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಕೊಡ್ಲಿಪೇಟೆಯ ಆಚೆ ಹಾಸನ. ಹೊಳೆಗಳೂ ಹಾಗೆಯೇ. ಲಕ್ಷ್ಮಣತೀರ್ಥ ಬ್ರಹ್ಮಗಿರಿಯಲ್ಲಿ ಹುಟ್ಟಿ ಹುಣಸೂರಿನ ಮೇಲೆ ಕನ್ನಂಬಾಡಿಗೆ ಹೋಗುತ್ತದೆ. ಬರಪೊಳೆ ಕೇರಳಕ್ಕೆ ಇಳಿಯುತ್ತದೆ. ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನ ಕಡಲು ಸೇರುತ್ತದೆ. ಆಟಿಯ ಮಳೆಯಲ್ಲಿ ಹೊಳೆಗೆ ಬಿದ್ದವನ ದೂರು ಒಂದು ಜಿಲ್ಲೆಯಲ್ಲಿ, ದೇಹ ಇನ್ನೊಂದು ಜಿಲ್ಲೆಯಲ್ಲಿ.

2023ರ ಸೆಪ್ಟೆಂಬರ್‌ನಲ್ಲಿ ಮಾಕುಟ್ಟ ಘಾಟಿಯ ರಸ್ತೆಬದಿಯ ಕಾಡಿನಲ್ಲಿ ಟ್ರಾಲಿ ಬ್ಯಾಗೊಂದು ಸಿಕ್ಕಿತು. ಒಳಗೆ ತುಂಡರಿಸಿದ ಯುವತಿಯ ಶವ. ಎರಡು ರಾಜ್ಯಗಳ ಪೊಲೀಸರೂ ಆ ವಯಸ್ಸಿನ ಕಾಣೆಯಾದವರ ಪಟ್ಟಿ ತೆಗೆದರು. ಗಡಿಯ ಆಚೆ ಮಗಳನ್ನು ಕಳೆದುಕೊಂಡು ಕುಳಿತಿದ್ದ ಮನೆಗಳಿಗೆ ಆ ದಿನಗಳು ಹೇಗಿದ್ದಿರಬೇಕು! ಬ್ಯಾಗಿನಲ್ಲಿದ್ದ ಬಟ್ಟೆಯ ಚಿತ್ರ ಮೊಬೈಲುಗಳಲ್ಲಿ ಹರಿದಾಡಿತು. ಇವಳೇ ಇರಬೇಕು, ಅಲ್ಲ ಅವಳಿರಬೇಕು ಎಂದು ಪರಿಚಯವೇ ಇಲ್ಲದವರು ಮಾತನಾಡಿಕೊಂಡರು. ಹಾಗೆ ಹಂಚಿದವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರೇ ಇರಬಹುದು. ಆದರೆ ಸತ್ತವಳು ನಮ್ಮ ಮಗಳೇ ಎಂಬ ಪ್ರಶ್ನೆಯನ್ನು ತಾಯಿಯೊಬ್ಬಳು ಮೊದಲು ಕೇಳಬೇಕಾದದ್ದು ಠಾಣೆಯ ಮಹಿಳಾ ಸಿಬ್ಬಂದಿಯಿಂದ, ಮನೆಯ ಹಜಾರದಲ್ಲಿ, ಪಕ್ಕದಲ್ಲಿ ತನ್ನವರು ಕುಳಿತಿರುವಾಗ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರದಿಂದ ಅಲ್ಲ.

ಇನ್ನು ದಕ್ಷಿಣ ಕನ್ನಡದ ಧರ್ಮಸ್ಥಳ. 2025ರ ಜುಲೈ 3ರಂದು ಮಾಜಿ ಸ್ವಚ್ಛತಾ ಕಾರ್ಮಿಕನೊಬ್ಬ, 1995ರಿಂದ 2014ರ ನಡುವೆ ಹಲವು ಶವಗಳನ್ನು ತಾನು ಹೂತಿದ್ದೇನೆ ಎಂದು ದೂರು ಕೊಟ್ಟ. ಜುಲೈ 19ಕ್ಕೆ ಪ್ರಣವ್ ಮೊಹಾಂತಿ ನೇತೃತ್ವದಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ರಚನೆಯಾಯಿತು, ನೇತ್ರಾವತಿ ದಂಡೆಯಲ್ಲಿ ಆತ ತೋರಿಸಿದ ಜಾಗಗಳನ್ನು ಅಗೆದರು. ಆಗಸ್ಟ್ 23ಕ್ಕೆ ಸುಳ್ಳು ಸಾಕ್ಷ್ಯದ ಆರೋಪದ ಮೇಲೆ ದೂರುದಾರನನ್ನೇ ಬಂಧಿಸಿದರು. ಆ ಎರಡು ತಿಂಗಳಲ್ಲಿ ಕನ್ನಡ ನಾಡಿನಲ್ಲಿ ನಡೆದಷ್ಟು ಹವ್ಯಾಸಿ ಪತ್ತೇದಾರಿಕೆ ಹಿಂದೆಂದೂ ನಡೆದಿರಲಿಕ್ಕಿಲ್ಲ. ದಶಕಗಳ ಕಾಣೆ ಪ್ರಕರಣಗಳನ್ನು ಒಂದೇ ಹಗ್ಗಕ್ಕೆ ಕಟ್ಟಿದರು. ಕೃತಕ ಬುದ್ಧಿಮತ್ತೆಯಲ್ಲಿ ತಯಾರಿಸಿದ ದೃಶ್ಯಗಳನ್ನು ಜನ ಕಣ್ಣಾರೆ ಕಂಡ ಘಟನೆಯಂತೆ ನೋಡಿದರು. ಪರ–ವಿರೋಧದ ಜಗಳ ಬೀದಿಗೆ ಬಂತು.

ಇದನ್ನೆಲ್ಲ ಬರೀ ಗೀಳು ಎಂದು ತಳ್ಳಿಹಾಕುವುದಕ್ಕೆ ನನಗೆ ಮನಸ್ಸಿಲ್ಲ. ಆ ಸೀಮೆಯಲ್ಲಿ 2012ರ ಅಕ್ಟೋಬರ್‌ನಲ್ಲಿ ಕೊಲೆಯಾದ ವಿದ್ಯಾರ್ಥಿನಿಯ ಪ್ರಕರಣದ ಏಕೈಕ ಆರೋಪಿಯನ್ನು 2023ರ ಜೂನ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಖುಲಾಸೆ ಮಾಡಿತು. ಹಾಗಾದರೆ ಕೊಂದವರು ಯಾರು ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಯಾರದೂ ಆಗಲಿಲ್ಲ. ಅದೇ ಸೀಮೆಯ ಬೆಳ್ತಂಗಡಿ ಠಾಣೆಯಲ್ಲಿ 2000ದಿಂದ 2015ರವರೆಗಿನ ಅಸಹಜ ಸಾವಿನ ದಾಖಲೆಗಳನ್ನು ನಿಯಮದಂತೆ ನಾಶಪಡಿಸಲಾಗಿದೆ ಎಂದು ಮಾಹಿತಿ ಹಕ್ಕಿನ ಅರ್ಜಿಗೆ ಉತ್ತರ ಬಂದಿದೆ ಎಂಬುದು ವರದಿಯಾಯಿತು. ಕಡತವೇ ಇಲ್ಲದ ಕಡೆ ಜನ ಊಹೆಯಿಂದ ಜಾಗ ತುಂಬುತ್ತಾರೆ. ಸಂಶಯಕ್ಕೆ ಬೀಜ ಬಿತ್ತಿದ್ದು ಯೂಟ್ಯೂಬ್ ಅಲ್ಲ, ಅದಕ್ಕಿಂತ ಮೊದಲು ಕೈಚೆಲ್ಲಿದ ವ್ಯವಸ್ಥೆ.

ಆದರೂ ಆ ಗದ್ದಲದಲ್ಲಿ ಕೊಡಗಿಗೆ ತಾಗಿದ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ವೈದ್ಯಕೀಯ ಓದುತ್ತಿದ್ದ ತನ್ನ ಮಗಳು 2003ರಲ್ಲಿ ಅಲ್ಲಿ ಕಾಣೆಯಾದಳು ಎಂದು ಮಹಿಳೆಯೊಬ್ಬರು ಹೇಳಿದ್ದರು. ಆ ಮಗಳದೆಂದು ಯುವತಿಯೊಬ್ಬಳ ಚಿತ್ರ ಎಲ್ಲ ಕಡೆ ಹರಡಿತು. ಸಾವಿರಾರು ಜನ ಆ ಮುಖ ನೋಡಿ ಕಣ್ಣೀರು ಹಾಕಿದರು. ಕೊನೆಗೆ ಕೊಡಗಿನಿಂದ ಒಬ್ಬರು ಮುಂದೆ ಬಂದು, ಆ ಚಿತ್ರ ಎಷ್ಟೋ ವರ್ಷದ ಹಿಂದೆ ತೀರಿಕೊಂಡ ತನ್ನ ಸ್ವಂತ ಸಹೋದರಿಯದು ಎಂದರು. ದೂರಿದ್ದ ಮಹಿಳೆಯೂ ತನ್ನ ಮಾತಿನಿಂದ ಹಿಂದೆ ಸರಿದರು. ಸತ್ತ ಸಹೋದರಿಯ ಮುಖವನ್ನು ಬೇರೆ ಹೆಸರಿನಲ್ಲಿ, ಬೇರೆ ಸಾವಿನ ಕಥೆಯೊಂದಿಗೆ, ದಿನವೂ ಮೊಬೈಲಿನಲ್ಲಿ ನೋಡಬೇಕಾದವರ ಸಂಕಟವನ್ನು ಚರ್ಚೆ ನಡೆಸಿದವರಲ್ಲಿ ಎಷ್ಟು ಮಂದಿ ಎಣಿಸಿದರು?

ಎರಡನೆಯದು ಸೆಪ್ಟೆಂಬರ್‌ನಲ್ಲಿ. ಅದೇ ಸೀಮೆಯ ಬಂಗ್ಲೆಗುಡ್ಡೆಯ ಕಾಡಿನಲ್ಲಿ ಎಸ್‌ಐಟಿಗೆ ಮಾನವ ಅವಶೇಷಗಳು ಸಿಕ್ಕಿದವು. ಜೊತೆಗೆ ಒಂದು ಗುರುತಿನ ಚೀಟಿ. ಅದು ದಕ್ಷಿಣ ಕೊಡಗಿನ ಹಿರಿಯರೊಬ್ಬರದು. ಚಿಕಿತ್ಸೆಗೆಂದು 2017ರಲ್ಲಿ ಮನೆ ಬಿಟ್ಟವರು ಮರಳಿರಲಿಲ್ಲ; ಮನೆಯವರು ಆಗಲೇ ಕೊಡಗಿನ ಠಾಣೆಯಲ್ಲಿ ದೂರು ಕೊಟ್ಟಿದ್ದರು. ಎಂಟು ವರ್ಷ ಆ ದೂರು ಒಂದು ಜಿಲ್ಲೆಯಲ್ಲಿ, ಆ ಚೀಟಿ ಪಕ್ಕದ ಜಿಲ್ಲೆಯಲ್ಲಿ. ಅಷ್ಟೊಂದು ವಿಡಿಯೊಗಳಲ್ಲಿ ಹೆಣೆದ ಕಥೆಯಲ್ಲಿ ಇಂಥ ಹಿರಿಯರಿಗೆ ಜಾಗವೇ ಇರಲಿಲ್ಲ. ಚರ್ಚೆಗೆ ಬೇಕಾದದ್ದು ಯುವತಿ, ಬಲಾಢ್ಯ ಖಳನಾಯಕ, ಮುಚ್ಚಿಟ್ಟ ರಹಸ್ಯ. ನೋವಿಗಾಗಿ ಮೈಸೂರಿಗೋ ಮಂಗಳೂರಿಗೋ ಆಸ್ಪತ್ರೆಗೆ ಹೊರಟು ದಾರಿ ತಪ್ಪಿದ ವಯಸ್ಸಾದವರು, ಮರೆವಿನ ರೋಗಿಗಳು, ಕುಡಿತಕ್ಕೆ ಬಿದ್ದವರು ಯಾರ ಪತ್ತೇದಾರಿಕೆಗೂ ವಸ್ತುವಾಗುವುದಿಲ್ಲ. ತೋಟದ ಲೈನ್ ಮನೆಗಳಲ್ಲಿ ಇರುವ ಅಸ್ಸಾಮಿನ, ಬಂಗಾಳದ ಕಾರ್ಮಿಕ ಒಂದು ದಿನ ಕಾಣದೆ ಹೋದರೆ ಬೇರೆ ತೋಟಕ್ಕೆ ಹೋಗಿರಬೇಕು ಎಂದು ಮೇಸ್ತ್ರಿ ಅಂದುಕೊಳ್ಳುತ್ತಾನೆ. ಯರವರ, ಜೇನುಕುರುಬರ ಹಾಡಿಗಳಲ್ಲೂ ಇದೇ ಕಥೆ. ದೂರೇ ದಾಖಲಾಗದ ಮೇಲೆ ಯಾವ ಗುಂಪು ಏನನ್ನು ಚರ್ಚಿಸೀತು?

ಹೊರಜಗತ್ತಿನಲ್ಲಿ ಈ ಹವ್ಯಾಸಕ್ಕೆ ಒಳ್ಳೆಯ ಹೆಸರು ತಂದ ಪ್ರಕರಣವೊಂದಿದೆ. ಅಮೆರಿಕದ ಕೆಂಟಕಿಯಲ್ಲಿ 1968ರಲ್ಲಿ ಟಾರ್ಪಾಲಿನಂಥ ಬಟ್ಟೆಯಲ್ಲಿ ಸುತ್ತಿದ ಯುವತಿಯ ಶವ ಸಿಕ್ಕಿತ್ತು. ಹೆಸರು ತಿಳಿಯದೆ ‘ಟೆಂಟ್ ಗರ್ಲ್’ ಎಂದೇ ಕಲ್ಲು ನೆಟ್ಟರು. ಶವವನ್ನು ಕಂಡವನ ಅಳಿಯ ಟಾಡ್ ಮ್ಯಾಥ್ಯೂಸ್ ಒಬ್ಬ ಕಾರ್ಖಾನೆ ಕೆಲಸಗಾರ. ವರ್ಷಗಟ್ಟಲೆ ಕಾಣೆಯಾದವರ ಪಟ್ಟಿಗಳನ್ನು ಓದಿ, 1998ರಲ್ಲಿ ಅಕ್ಕನನ್ನು ಹುಡುಕುತ್ತಿದ್ದ ಒಬ್ಬಳ ಪುಟ್ಟ ಪ್ರಕಟಣೆಯನ್ನು ಕಂಡ. ಎತ್ತರ, ವಯಸ್ಸು, ಊರು, ಕಾಲ ಹೊಂದುತ್ತಿತ್ತು. ಅವನು ಮಾಡಿದ್ದು ಇಷ್ಟೇ: ಆಕೆಯನ್ನು ಸಂಪರ್ಕಿಸಿ, ವಿಷಯವನ್ನು ಅಧಿಕಾರಿಗಳಿಗೆ ಒಪ್ಪಿಸಿದ. ಗೋರಿ ತೆರೆದು ಡಿಎನ್‌ಎ ಪರೀಕ್ಷೆ ಮಾಡಿದರು. ಮೂವತ್ತು ವರ್ಷದ ಮೇಲೆ ಶವಕ್ಕೆ ಹೆಸರು ಸಿಕ್ಕಿತು. ಮುಂದೆ ಇಂಥ ಸ್ವಯಂಸೇವಕರ ಜಾಲ ಬೆಳೆಯಿತು. ಅಲ್ಲಿಯ ಸರ್ಕಾರವೇ ಕಾಣೆಯಾದವರ ಮತ್ತು ಗುರುತಿಲ್ಲದ ಶವಗಳ ಪಟ್ಟಿಗಳನ್ನು ಜನಸಾಮಾನ್ಯರೂ ಹುಡುಕುವಂತೆ ತೆರೆದಿಟ್ಟಿತು.

ಅದೇ ದೇಶದಲ್ಲಿ 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಮೇಲೆ ಬಾಂಬ್ ದಾಳಿ ನಡೆಯಿತು. ಅದಕ್ಕೆ ಒಂದು ತಿಂಗಳ ಮೊದಲೇ ಭಾರತೀಯ ಮೂಲದ ಒಬ್ಬ ವಿದ್ಯಾರ್ಥಿ ಕಾಣೆಯಾಗಿದ್ದ. ಅವನಿಗಾಗಿ ಮನೆಯವರು ಊರೂರು ಅಲೆಯುತ್ತಿದ್ದರು. ಶಂಕಿತನ ಮಸುಕು ಚಿತ್ರ ಹೊರಬಂದ ರಾತ್ರಿ ರೆಡಿಟ್ ಜಾಲತಾಣದ ಹವ್ಯಾಸಿಗಳು ಆ ಚಿತ್ರವನ್ನೂ ಕಾಣೆಯಾದ ಹುಡುಗನ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ಇವನೇ ಎಂದರು. ಮಗನನ್ನು ಹುಡುಕುತ್ತಿದ್ದ ತಂದೆತಾಯಿಗೆ ಬೈಗುಳದ ಮಳೆ ಸುರಿಯಿತು. ಏಪ್ರಿಲ್ 23ರಂದು ಆ ಹುಡುಗನ ಶವ ಪ್ರಾವಿಡೆನ್ಸ್ ನಗರದ ನದಿಯಲ್ಲಿ ಸಿಕ್ಕಿತು. ದಾಳಿಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ. ಮ್ಯಾಥ್ಯೂಸ್ ಸಿಕ್ಕಿದ ಶವಕ್ಕೆ ಹೆಸರು ಹುಡುಕುತ್ತಿದ್ದ. ರೆಡಿಟ್‌ನವರು ಆದ ಅಪರಾಧಕ್ಕೆ ಅಪರಾಧಿಯನ್ನು ಹುಡುಕುತ್ತಿದ್ದರು. ಹೊರನೋಟಕ್ಕೆ ಕೆಲಸ ಒಂದೇ: ಎರಡು ಪಟ್ಟಿ, ಎರಡು ಚಿತ್ರ, ಹೋಲಿಕೆ. ಆದರೆ ಮೊದಲನೆಯದರಲ್ಲಿ ಊಹೆ ತಪ್ಪಾದರೆ ಪ್ರಯೋಗಾಲಯ ಅಲ್ಲ ಎನ್ನುತ್ತದೆ, ಅಲ್ಲಿಗೆ ಮುಗಿಯಿತು. ಎರಡನೆಯದರಲ್ಲಿ ತಪ್ಪಾದರೆ ಬದುಕಿರುವವರ ಮನೆಗೆ ಕಲ್ಲು ಬೀಳುತ್ತದೆ.

ಒಬ್ಬನೇ ಕೊಲೆಗಾರ ಎಂಬ ಊಹೆಗೆ ಇನ್ನೊಂದು ತೊಡಕಿದೆ. ಅಮೆರಿಕದ ನದಿಗಳಲ್ಲಿ ಮುಳುಗಿ ಸತ್ತ ಹಲವು ಕಾಲೇಜು ಹುಡುಗರ ಸಾವಿನ ಹಿಂದೆ ಒಂದು ಕೊಲೆಗಾರ ಗುಂಪಿದೆ, ಶವ ಸಿಕ್ಕ ಜಾಗದ ಹತ್ತಿರ ಗೋಡೆಗಳಲ್ಲಿ ನಗುಮುಖದ ಚಿತ್ರವಿದೆ ಎಂದು ಇಬ್ಬರು ನಿವೃತ್ತ ಪತ್ತೇದಾರರು ವಾದಿಸಿದ್ದರು. ಅದಕ್ಕೆ ಆಧಾರ ಸಿಕ್ಕಿಲ್ಲ ಎಂದು ಎಫ್‌ಬಿಐ 2008ರಲ್ಲೇ ಹೇಳಿತು. ನಗುಮುಖದ ಚಿತ್ರ ಇಲ್ಲದ ಗೋಡೆ ಅಲ್ಲಿ ಕಡಿಮೆ. ಕುಡಿದು ರಾತ್ರಿ ನದಿಯ ದಂಡೆಯಲ್ಲಿ ನಡೆಯುವ ಹುಡುಗರೂ ಕಡಿಮೆಯಿಲ್ಲ. ಪಟ್ಟಿ ಉದ್ದವಾದಷ್ಟೂ ಹೋಲಿಕೆಗಳು ತಾವಾಗಿ ಸಿಗುತ್ತವೆ. ನಮ್ಮಲ್ಲಿ ಪಟ್ಟಿ ತೀರ ಉದ್ದ. 2019ರಿಂದ 2021ರವರೆಗೆ ದೇಶದಲ್ಲಿ 13.13 ಲಕ್ಷ ಮಹಿಳೆಯರು, ಬಾಲಕಿಯರು ಕಾಣೆಯಾದ ದೂರುಗಳಿವೆ ಎಂದು 2023ರಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಆ ಸಂಖ್ಯೆ ಎಷ್ಟು ಕಥೆಗಳಿಗೆ, ಭಾಷಣಗಳಿಗೆ ಮೇವಾಯಿತು! ದೂರು ದಾಖಲಾದ ಸಂಖ್ಯೆ ಅದು. ವಾರದೊಳಗೆ ಮನೆಗೆ ಬಂದವರು, ಮೆಚ್ಚಿದವನನ್ನು ಮದುವೆಯಾಗಿ ಠಾಣೆಗೆ ಬಂದು ಹೇಳಿಕೆ ಕೊಟ್ಟವರು, ಗಂಡನ ಹೊಡೆತ ತಾಳದೆ ಹೊರಟು ಎಲ್ಲೋ ದುಡಿಯುತ್ತಿರುವವರು ಎಲ್ಲರೂ ಅದರಲ್ಲಿದ್ದಾರೆ. ಕೊನೆಯ ಗುಂಪಿನವರ ಬಗ್ಗೆ ಹವ್ಯಾಸಿಗಳು ವಿಶೇಷ ಎಚ್ಚರ ವಹಿಸಬೇಕು. ವಯಸ್ಕ ಹೆಣ್ಣು ಸ್ವಂತ ಇಚ್ಛೆಯಿಂದ ಮನೆ ಬಿಟ್ಟಿದ್ದರೆ ಆಕೆಯ ವಿಳಾಸವನ್ನು ಸಾರ್ವಜನಿಕವಾಗಿ ಬಿಚ್ಚಿಡುವುದು ಆಕೆಯ ಜೀವಕ್ಕೇ ಅಪಾಯ ತರಬಹುದು. ಕಂಡರೆ ಪೊಲೀಸರಿಗೆ ಹೇಳಿ, ಊರಿಗೆ ಸಾರಬೇಡಿ.

ಮಕ್ಕಳ ಮಟ್ಟಿಗೆ ಕಾನೂನು ಸ್ಪಷ್ಟವಾಗಿದೆ. 2013ರ ಮೇ ತಿಂಗಳಲ್ಲಿ ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್, ಮಗು ಕಾಣೆಯಾದ ಪ್ರತಿ ದೂರಿಗೂ ಎಫ್‌ಐಆರ್ ಹಾಕಲೇಬೇಕು ಎಂದಿತು. ದೊಡ್ಡವರ ವಿಷಯದಲ್ಲಿ ಇನ್ನೂ ‘ಎರಡು ದಿನ ನೋಡಿ, ಬರ್ತಾರೆ’ ಎಂಬ ಉತ್ತರ ಕೇಳಿಬರುತ್ತದೆ. ಏಳು ವರ್ಷ ಸುದ್ದಿಯಿಲ್ಲದವರನ್ನು ಸತ್ತವರೆಂದು ಭಾವಿಸಬಹುದು ಎನ್ನುತ್ತದೆ ಸಾಕ್ಷ್ಯ ಕಾನೂನು. ಹಳೆಯ ಕಾಯ್ದೆಯ 108, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 111. ಅಲ್ಲಿಯವರೆಗೆ ಕೊಡಗಿನ ವಂಶಪಾರಂಪರ್ಯದ ಜಮ್ಮಾ ಜಮೀನಿನ ಖಾತೆ ಬದಲಾಗುವುದಿಲ್ಲ, ತಿಥಿ ಮಾಡುವುದೋ ಬೇಡವೋ ಎಂದು ಮನೆಯವರು ಜಗಳಾಡುತ್ತಾರೆ. ಪಕ್ಕದ ಜಿಲ್ಲೆಯ ಶವಾಗಾರದಲ್ಲಿ ಹೆಸರಿಲ್ಲದೆ ಮಲಗಿದವರು ತಮ್ಮವರೇ ಎಂದು ಮೊದಲ ವಾರದಲ್ಲೇ ತಿಳಿದಿದ್ದರೆ ಆ ಏಳು ವರ್ಷ ಯಾರಿಗೂ ಬೇಕಿರಲಿಲ್ಲ.

ಹಾಗಾಗಿ ಕೊಂಡಿ ಬೆಸೆಯುವ ಕೆಲಸ ನಡೆಯಲೇಬೇಕು, ಅದರಲ್ಲಿ ಜನರಿಗೂ ಪಾಲು ಇರಲೇಬೇಕು. ಆದರೆ ಬೆಸೆಯಬೇಕಾದದ್ದು ಕಾಣೆ ರಿಜಿಸ್ಟರನ್ನೂ ಯುಡಿಆರ್ ರಿಜಿಸ್ಟರನ್ನೂ. ಸಾವನ್ನೂ ಸಂಶಯವನ್ನೂ ಅಲ್ಲ. ಠಾಣೆಗಳ ಗಣಕ ಜಾಲ ಸಿಸಿಟಿಎನ್‌ಎಸ್ ದೇಶವ್ಯಾಪಿಯಾಗಿದೆ. ಅದರಲ್ಲಿ ತುಂಬುವ ಚಹರೆ ಮಾತ್ರ ಇನ್ನೂ ಕೋಲು ಮುಖ, ಎಣ್ಣೆಗೆಂಪು ಬಣ್ಣ. ಹಲ್ಲಿನ ವಿವರ, ಹಳೆಯ ಮೂಳೆ ಮುರಿತ, ಶಸ್ತ್ರಚಿಕಿತ್ಸೆಯ ಗುರುತು, ಹಚ್ಚೆ, ಬಟ್ಟೆಯ ಮೇಲಿನ ಟೈಲರ್ ಅಂಗಡಿಯ ಪಟ್ಟಿ ಇವೆಲ್ಲ ಬರೆದಿದ್ದರೆ ಹೋಲಿಕೆಗೆ ಅರ್ಥ ಬರುತ್ತದೆ. ಕಾಣೆಯಾದವರ ರಕ್ತಸಂಬಂಧಿಗಳ ಡಿಎನ್‌ಎಯನ್ನು ಗುರುತಿಲ್ಲದ ಶವಗಳ ಡಿಎನ್‌ಎ ಜೊತೆ ಹೋಲಿಸುವ ಸೂಚಿಯನ್ನು 2019ರ ಡಿಎನ್‌ಎ ತಂತ್ರಜ್ಞಾನ ಮಸೂದೆ ಪ್ರಸ್ತಾಪಿಸಿತ್ತು. ಖಾಸಗಿತನದ ಪ್ರಶ್ನೆಗಳು ಎದ್ದವು, 2023ರ ಜುಲೈನಲ್ಲಿ ಸರ್ಕಾರ ಮಸೂದೆಯನ್ನೇ ಹಿಂಪಡೆಯಿತು. ಆಕ್ಷೇಪಗಳಲ್ಲಿ ಹುರುಳಿತ್ತು. ಆದರೆ ಆರೋಪಿಗಳ ಡಿಎನ್‌ಎ ಸಂಗ್ರಹವನ್ನು ಬೇರೆ ಇಟ್ಟು, ತಾವಾಗಿ ಮುಂದೆ ಬರುವ ಮನೆಯವರ ಮಾದರಿಗೆ ಮಾತ್ರ ಸೀಮಿತವಾದ ಕಾಯ್ದೆ ತರಬಹುದಿತ್ತು, ಈಗಲೂ ತರಬಹುದು.

ಅದು ದೆಹಲಿಯ ಮಾತು. ಮಡಿಕೇರಿಯ ಮಟ್ಟದಲ್ಲಿ ಆಗಬಹುದಾದದ್ದಕ್ಕೆ ಯಾವ ಮಸೂದೆಯೂ ಬೇಕಿಲ್ಲ. ಕೊಡಗು, ಮೈಸೂರು, ಹಾಸನ, ದಕ್ಷಿಣ ಕನ್ನಡ, ಕಾಸರಗೋಡು, ಕಣ್ಣೂರು, ವಯನಾಡು, ಈ ಏಳು ಜಿಲ್ಲೆಗಳ ಗುರುತಿಲ್ಲದ ಶವಗಳ ಪಟ್ಟಿ ತಿಂಗಳಿಗೊಮ್ಮೆ ಒಂದೇ ಕಡೆ, ಕನ್ನಡದಲ್ಲೂ ಮಲಯಾಳದಲ್ಲೂ, ಮುಖದ ಚಿತ್ರ ಬೇಡವಾದರೆ ಬಟ್ಟೆ–ಒಡವೆಗಳ ಚಿತ್ರದೊಂದಿಗೆ ಬರಲಿ. ಗುರುತು ಹತ್ತದ ಯುಡಿಆರ್ ಕಡತಗಳನ್ನು ವರ್ಷ ಕಳೆಯಿತೆಂದು ಸುಡುವುದು ನಿಲ್ಲಲಿ. ಸುಳಿವು ಕೊಡುವವರಿಗೆ ಒಬ್ಬ ನಿರ್ದಿಷ್ಟ ಅಧಿಕಾರಿ ಇರಲಿ, ಬಂದ ಸುಳಿವು ಏನಾಯಿತು ಎಂದು ಆತ ಮರಳಿ ಉತ್ತರ ಕೊಡಲಿ. ಉತ್ತರ ಸಿಗದವರೇ ಅಲ್ಲವೇ ವಿಡಿಯೊ ಮಾಡಲು ಹೊರಡುವುದು? ಪಟ್ಟಿ ಓದುವ ಉತ್ಸಾಹ, ರಾತ್ರಿಯೆಲ್ಲ ಕುಳಿತು ಹೋಲಿಸುವ ತಾಳ್ಮೆ ನಮ್ಮ ಹುಡುಗರಲ್ಲಿ ಬೇಕಾದಷ್ಟಿದೆ. ಅವರ ಮುಂದೆ ಇಡಬಹುದಾದ ಮೊದಲ ಕಡತ ಬೆಟ್ಟದಪುರದ್ದು: ಒಂದು ಹೆಣ್ಣಿನ ಮೂಳೆಗಳು, ಅವು ಯಾರವಲ್ಲ ಎಂಬುದು ಮಾತ್ರ ಖಚಿತ.